ಕೊನೆಯ ಕೋಣೆಯ ಬಾವಿ

"ಬಾಯಿ ಇನ್ನೂ ಸ್ವಲ್ಪ ತೆಗೀರಿ ಮೇಡಂ. ಹಾಂ, ಹಾಗೇ ಇರಿ," ಎಂದರು ಹಲ್ಲಿನ ಡಾಕ್ಟರು.

ಹಾಗೇ ಇದ್ದೆ. ಮೂವತ್ತು ವರ್ಷ ಬಸ್ಸು ಹತ್ತಿ ಇಳಿದು ಟಿಕೆಟ್ ತಪಾಸಣೆ ಮಾಡಿ, ಎಂಥೆಂಥವರ ಬಾಯಿಯನ್ನೋ ಮುಚ್ಚಿಸಿದವಳು ನಾನು. ಈಗ ಬಾಯಿತುಂಬ ಹತ್ತಿ ತುಂಬಿಕೊಂಡು, ಜೊಲ್ಲು ಎಳೆಯುವ ಕೊಳವೆಯನ್ನು ಕಟಬಾಯಿಗೆ ಸಿಕ್ಕಿಸಿಕೊಂಡು ಅಂಗಾತ ಮಲಗಿದ್ದೆ. ಹಲ್ಲುನೋವೇನೂ ಸುಳ್ಳಲ್ಲ. ಆದರೆ ನಾನು ಬಂದಿದ್ದು ಹಲ್ಲಿಗಾಗಿ ಅಲ್ಲ.

ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಬಿಟ್ಟು, ಆಫೀಸು ಸೇರದೆ, ಫೋನಿಗೂ ಸಿಗದೆ ಮಾಯವಾದ ನಕ್ಷೆಗಾರನಿಗಾಗಿ ಬಂದಿದ್ದೆ. ಇವತ್ತು ಬುಧವಾರ, ಬೆಳಿಗ್ಗೆ ಹನ್ನೊಂದು. ಆತನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಉಳಿಯುವ ಜೀವವಲ್ಲ. ಜೇಬಿನಲ್ಲಿದ್ದ ಪೆನ್ನಿನಲ್ಲಿ ಇವತ್ತು ಸಂಜೆಯವರೆಗೆ ಆಗುವಷ್ಟು ಮದ್ದಿದೆ ಎಂದು ನರ್ಸ್ ಕೆಲಸದಲ್ಲಿರುವ ಅವನ ತಂಗಿ ಹೇಳಿದ್ದಳು. ಪೊಲೀಸರು ದೂರು ಬರೆದುಕೊಂಡು, "ದೊಡ್ಡೋರಲ್ವಾ, ಬರ್ತಾರೆ ಬಿಡಿ," ಎಂದು ಕಳಿಸಿದ್ದರು. ರಿಟೈರಾದ ಮೇಲೆ ಕಾಣೆಯಾದವರನ್ನು ಹುಡುಕಿಕೊಡುವವಳೆಂದು ನನಗೊಂದು ಹೆಸರು ಬಂದಿತ್ತು, ಹಾಗಾಗಿ ಅವಳು ನನ್ನ ಮನೆ ಬಾಗಿಲಿಗೆ ಬಂದು ನಿಂತಿದ್ದಳು.

ನಕ್ಷೆಗಾರನ ಗೆಳೆಯರೆಂದರೆ ಮೂವರೇ. ಈ ಡಾಕ್ಟರು, ಒಬ್ಬರು ಲೈಬ್ರರಿಯವರು, ಒಬ್ಬರು ಲಿಫ್ಟ್ ರಿಪೇರಿಯವರು. ಒಂಬತ್ತು ವರ್ಷದಿಂದ ವಾರಕ್ಕೊಮ್ಮೆ ನಾಲ್ವರೂ ಸೇರಿ ಒಂದು ಆಟ ಆಡುತ್ತಾರೆ. ನಕ್ಷೆಗಾರ ಕಥೆ ನಡೆಸುತ್ತಾನೆ, ಆದ್ದರಿಂದ ಅವನು ಸೂತ್ರಧಾರ. ಉಳಿದವರು ಒಂದೊಂದು ವೇಷ ಹಾಕಿ ಆ ಕಥೆಯೊಳಗೆ ಓಡಾಡುತ್ತಾರೆ. ಗೆದ್ದರೋ ಸೋತರೋ ದಾಳ ಹೇಳುತ್ತದೆ. ಮುಂಚೆ ಒಂದೇ ಮೇಜಿನ ಸುತ್ತ ಕೂತು ಆಡುತ್ತಿದ್ದರಂತೆ. ಈಗ ತಂತಮ್ಮ ಮನೆಯಲ್ಲೇ ಕೂರುತ್ತಾರೆ, ಮೇಜು ಕಂಪ್ಯೂಟರಿನೊಳಗೆ ಹೋಗಿದೆ. ನಕ್ಷೆ, ಕಾಯಿ, ದಾಳ ಎಲ್ಲವೂ ಪರದೆಯ ಮೇಲೆ.

ಆ ಮೇಜಿನ ವಿಷಯಕ್ಕೇ ಶನಿವಾರ ಜಗಳವಾಗಿತ್ತು. ಹಳೆಯದನ್ನೇ ಇಟ್ಟುಕೊಳ್ಳುವುದೋ, ನೋಡಿಟ್ಟ ಎರಡು ಹೊಸ ಮೇಜುಗಳಲ್ಲಿ ಒಂದಕ್ಕೆ ಹೋಗುವುದೋ ಎಂದು ಜಗಳ. "ಹಳೇದೇ ಇರ್ಬೇಕು ಅಂದ್ರೆ ನಾನೇ ಎದ್ದು ಹೋಗ್ತೀನಿ," ಎಂದು ಅಣ್ಣ ಕೂಗಿದ್ದು ಗೋಡೆಯಾಚೆ ತಂಗಿಗೆ ಕೇಳಿಸಿತ್ತು. ಎರಡೇ ದಿನಕ್ಕೆ ನಿಜಕ್ಕೂ ಹೋಗಿಬಿಟ್ಟ.

"ನಂಗೆ ಎರಡನೇದೇ ಇಷ್ಟ," ಎಂದರು ಡಾಕ್ಟರು, ನನ್ನ ದವಡೆಯ ಮೂಲೆಯಲ್ಲಿ ಏನೋ ಕೆರೆಯುತ್ತ. ಬಾಯಿ ತೆರೆಸಿ ಮಲಗಿಸಿದವರ ಮುಂದೆ ಎಂಥವರಿಗೂ ಮಾತು ಬರುತ್ತದೆ. ಎದುರು ಮಾತಾಡುವವರೇ ಇಲ್ಲವಲ್ಲ. "ನೋಡಿ, ಹಳೇ ಟೇಬಲ್ಲು ಹಳೇ ಚಪ್ಪಲಿ ಥರ. ಹಿತವಾಗಿರುತ್ತೆ, ಆದ್ರೆ ನಕ್ಷೆ ಸ್ವಲ್ಪ ದೊಡ್ಡದಾದ್ರೆ ನಿಂತೇ ಹೋಗುತ್ತೆ. ಎರಡನೇದ್ರಲ್ಲಿ ಬೆಟ್ಟ, ಮನೆ ಎಲ್ಲ ಎದ್ದು ನಿಲ್ಲುತ್ತೆ, ದಾಳ ಉರುಳಿದ್ರೆ ಸದ್ದು ಬರುತ್ತೆ. ಲಿಫ್ಟಿನವರ ಕಂಪ್ಯೂಟರ್ ಮಾತ್ರ ಉಸಿರು ಕಟ್ಟಿ ಕೂತ್ಬಿಡ್ತು, ಪಾಪ."

ನಾನು "ಊಂ" ಎಂದೆ.

"ಮೂರನೇದು ಸೂತ್ರಧಾರನ ಹುಚ್ಚು. ಅವನ ಲ್ಯಾಪ್‌ಟಾಪಲ್ಲೇ ಕೂತಿರುತ್ತೆ, ನಾವು ಅಲ್ಲಿಗೆ ಹೋಗ್ಬೇಕು. ದೀಪ, ಕತ್ತಲೆ, ಗೋಡೆ ಎಲ್ಲ ನಿಜದ ಥರಾನೇ. ಆದ್ರೆ ಒಂದೊಂದು ಗೋಡೆನೂ ಕೈಯಲ್ಲೇ ಎಳೀಬೇಕು. ಕೊನೇ ರೂಮಲ್ಲಿರೋ ಆ ಬಾವಿ ಸುತ್ತ ಎಳೆಯೋಕೇ ಎಷ್ಟು ಹೊತ್ತು ಬೇಕು ಹೇಳಿ. ಯಾರಿಗಪ್ಪಾ ಬೇಕು ಆ ಪಾಡು."

ಕೊಳವೆ ತೆಗೆದ ಮೇಲೆ, ಅವನನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ಕೇಳಿದೆ.

"ಮುಖ ನೋಡಿ ಎರಡು ತಿಂಗಳಾಯ್ತು ಮೇಡಂ. ಭಾನುವಾರ ಸಂಜೆ ಮೂರನೇ ಟೇಬಲ್ ಪರೀಕ್ಷೆ ಮಾಡೋಣ ಅಂತ ಹತ್ತು ನಿಮಿಷ ಕರೆದಿದ್ದ. ಅಷ್ಟೇ. ಹತ್ತಿ ಅರ್ಧ ಗಂಟೆ ಕಚ್ಕೊಂಡಿರಿ."

ಹೊರಗಿನ ಮೇಜಿನ ಮೇಲೆ ಪೇಷೆಂಟುಗಳ ಪುಸ್ತಕ ತೆರೆದಿತ್ತು. ತಲೆಕೆಳಗಾಗಿ ಓದುವುದು ನನ್ನ ಹಳೆಯ ಕಸುಬಿನ ವರ. ಈ ವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಂದು ಸಾಲೂ ಖಾಲಿ ಇರಲಿಲ್ಲ, ಸೋಮವಾರದ ಒಂಬತ್ತು ಗಂಟೆಯೊಂದನ್ನು ಬಿಟ್ಟು. ತುಂಬಿದ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿದ್ದರೆ ಯಾರೋ ಈಗಷ್ಟೇ ಎದ್ದಿದ್ದಾರೆ ಎಂದೇ ಅರ್ಥ. ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡೆ.

*

ಲೈಬ್ರರಿ ಎರಡು ಬೀದಿ ಆಚೆ, ನಾಲ್ಕು ಮಹಡಿಯ ಹಳೆಯ ಕಟ್ಟಡ. ಲಿಫ್ಟಿನ ಬಾಗಿಲಿಗೆ "ರಿಪೇರಿ" ಎಂಬ ಹಲಗೆ ತೂಗುಹಾಕಿದ್ದರು. ನನ್ನ ಮಂಡಿಗಳು ಮೂರನೇ ಮಹಡಿವರೆಗೆ ಬಯ್ಯುತ್ತಲೇ ಹತ್ತಿದವು.

ಲೈಬ್ರರಿಯವರು ನಲವತ್ತು ದಾಟಿದ ತೆಳ್ಳಗಿನ ಹೆಂಗಸು. ಆಟದಲ್ಲಿ ಅವರದು ಕಳ್ಳನ ವೇಷ, ಮಾತಾಡುವುದೂ ಹಾಗೇ, ಮೆಲ್ಲಗೆ. ಬಂದ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದರು. ಪಕ್ಕದಲ್ಲಿ ಲಿಫ್ಟಿನವರು ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಚಹಾ ಕುಡಿಯುತ್ತಿದ್ದರು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದುಕೊಂಡೆ.

"ನೀವು ಇಲ್ಲೇ ಇದ್ದೀರಲ್ಲ," ಎಂದೆ.

"ಸೋಮವಾರದಿಂದ ಇದೇ ಲಿಫ್ಟು ಅಕ್ಕ. ಪೂರ್ತಿ ಬಿಚ್ಚಿ ಹಾಕಿದ್ದೀನಿ. ಈ ಮೇಡಂಗೆ ನನ್ನ ಮುಖ ನೋಡಿ ನೋಡಿ ಸಾಕಾಗಿದೆ."

"ಮುಖ ಪರವಾಗಿಲ್ಲ, ಆ ಕೈಯಲ್ಲಿ ಪುಸ್ತಕ ಮುಟ್ಟಬೇಡಿ," ಎಂದರು ಲೈಬ್ರರಿಯವರು. ನಗಲಿಲ್ಲ.

ಮೇಜಿನ ಜಗಳ ಏನು ಎಂದು ಕೇಳಿದೆ.

"ಜಗಳ ಏನಿಲ್ಲ ಅಕ್ಕ. ನಂದು ಒಂದೇ ಮಾತು, ಹಳೇ ಟೇಬಲ್ಲೇ ಇರ್ಲಿ," ಎಂದರು ಲಿಫ್ಟಿನವರು. "ಎಲ್ಲಿದ್ರೂ ಮೊಬೈಲಲ್ಲಿ ತೆಗೀಬಹುದು. ನನ್ನ ಡಬ್ಬಾ ಕಂಪ್ಯೂಟರಿಗೆ ಹೊಸಾದು ಯಾವುದೂ ಆಗ್ಬರಲ್ಲ. ಎಲ್ರೂ ಕುಣೀತಾರೆ ಅಂತ ಕುಂಟನೂ ಕುಣೀಬೇಕಾ?"

"ನಾನು ಸೂತ್ರಧಾರರ ಕಡೆ. ಮೂರನೇದು," ಎಂದರು ಲೈಬ್ರರಿಯವರು. "ಮಿಕ್ಕ ಟೇಬಲ್‌ಗಳಲ್ಲಿ ಎಲ್ಲರಿಗೂ ಎಲ್ಲಾನೂ ಕಾಣುತ್ತೆ. ಅದರಲ್ಲಿ ಹಾಗಲ್ಲ. ನನ್ನ ಕಾಯಿ ಎಲ್ಲಿ ನಿಂತಿದೆಯೋ ಅಲ್ಲಿಂದ ಅದಕ್ಕೆ ಎಷ್ಟು ಕಾಣುತ್ತೋ ನನಗೂ ಅಷ್ಟೇ. ಗೋಡೆ ಆಚೆ ಏನಿದೆ ಅಂತ ಹೋಗಿ ನೋಡಿದ್ರೇನೇ ಗೊತ್ತಾಗೋದು."

ನನ್ನ ಕಿವಿ ನೆಟ್ಟಗಾಯಿತು. "ಭಾನುವಾರ ಏನು ಕಂಡಿತು ನಿಮಗೆ?"

"ಒಂದು ಬಾಗಿಲು. ಎರಡು ಕಂಬ. ಒಂದು ಕಲ್ಲಿನ ನಾಯಿ. ದೀಪದ ಬೆಳಕು ಎರಡು ಚೌಕ ದೂರ ಬೀಳೋದು, ಆಚೆ ಕಪ್ಪು. ಮೂರೂ ಕಾಯಿನ ಬಾಗಿಲ ಮುಂದೆ ನಿಲ್ಸಿ, ಮಿಕ್ಕಿದ್ದು ಗುರುವಾರ ಅಂತ ಮುಚ್ಚಿಬಿಟ್ರು."

"ಒಳಗೆ ಎಷ್ಟು ರೂಮಿದೆ, ಏನಿದೆ ಅಂತ?"

"ಅದು ಅವರೊಬ್ಬರ ಪರದೆಗೆ ಮಾತ್ರ ಕಾಣೋದು ಅಕ್ಕ. ಅದು ಇರೋದೂ ಅವರ ಲ್ಯಾಪ್‌ಟಾಪಲ್ಲೇ. ಅದು ಆನ್ ಇದ್ರೆ ಮಾತ್ರ ಟೇಬಲ್ಲು ತೆರೆಯುತ್ತೆ. ಸೋಮವಾರದಿಂದ ಒತ್ತಿ ಒತ್ತಿ ನೋಡ್ತಿದ್ದೀನಿ, ಬರೀ ಬಿಳೀ ಪರದೆ."

ಮೊದಲನೇ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡವನು ಕೊನೇ ಸ್ಟಾಪಿನ ಹೋಟೆಲಿನಲ್ಲಿ ಚಹಾ ಚೆನ್ನಾಗಿಲ್ಲ ಎಂದು ಹೇಳಿದರೆ ಏನು ತಿಳಿಯಬೇಕು? ಬಾಯಲ್ಲಿದ್ದ ಹತ್ತಿಯನ್ನು ಲೈಬ್ರರಿಯವರ ಕಸದ ಬುಟ್ಟಿಗೆ ಉಗಿದು ಮೆಟ್ಟಿಲಿಳಿದೆ. ಈ ಸಲ ಮಂಡಿಗಳು ತೆಪ್ಪಗಿದ್ದವು.

*

ಅಣ್ಣ ತಂಗಿ ಇಬ್ಬರೇ ಇರುವ ಮನೆ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ. ತಂಗಿ ಯೂನಿಫಾರ್ಮ್ ಕೂಡ ಬಿಚ್ಚದೆ ಫ್ರಿಜ್ಜಿನ ಮುಂದೆ ನಿಂತಿದ್ದಳು. ಇನ್ಸುಲಿನ್ ಡಬ್ಬಿ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ನೋಡಲಾಗದೆ ನಾನೇ ಕೈ ಹಿಡಿದು ಕೂರಿಸಿದೆ.

"ನಿಮ್ಮಣ್ಣ ಆಟದ ನಕ್ಷೆ ಮೊದಲು ಕಾಗದದ ಮೇಲೆ ಬರೀತಾನಾ?"

"ಯಾವಾಗ್ಲೂ. ಇಡೀ ದಿನ ನೀರು ಸರಬರಾಜು ಆಫೀಸಲ್ಲಿ ಪೈಪಿನ ನಕ್ಷೆ ಬರೆದು ಬರೆದು ಅದೇ ಅಭ್ಯಾಸ."

ಕಿಟಕಿಯ ಕೆಳಗೆ ಓರೆ ಹಲಗೆ, ಅದರ ಮೇಲೆ ಕ್ಲಿಪ್ಪು ಹಾಕಿದ ಚೌಕುಳಿ ಹಾಳೆ. ಚೂಪು ಪೆನ್ಸಿಲಿನ ಗೆರೆ, ಒಂದೂ ಅಳಿಸಿದ ಗುರುತಿಲ್ಲ. ಬಾಗಿಲು, ಕಂಬ, ಕಲ್ಲಿನ ನಾಯಿ, ಮುಂದೆ ಒಂದರ ಹಿಂದೆ ಒಂದು ಎಂಟು ಕೋಣೆ. ಏಳು ಕೋಣೆಗಳಲ್ಲಿ ಒಂದೊಂದು ವಸ್ತು. ಎಂಟನೆಯದು ಖಾಲಿ. ಅದರ ನಡುವೆ ಸಣ್ಣ ಅಕ್ಷರದಲ್ಲಿ "ಏನಿಡಲಿ?" ಎಂದು ಬರೆದಿತ್ತು.

"ಇದು ಯಾವತ್ತು ಬರೆದಿದ್ದು?"

"ಸೋಮವಾರ ಬೆಳಿಗ್ಗೆ. ಎಂಟು ಗಂಟೆ, ಕಾಫಿ ಕುಡೀತಾ ಕುಡೀತಾ. ನನ್ನನ್ನೂ ಕೇಳ್ದ, ಕೊನೇ ರೂಮಲ್ಲಿ ಏನಿಡ್ಲಿ ಅಂತ." ಕಣ್ಣು ಒರೆಸಿಕೊಂಡಳು. "ನಾನು ಡ್ಯೂಟಿಗೆ ಓಡ್ತಿದ್ದೆ. ಒಂದು ಹಾಸಿಗೆ ಇಡು, ಅಷ್ಟು ದೂರ ಬಂದೋರು ಮಲಗ್ಲಿ ಅಂದೆ. ನಕ್ಕ. ಯಾರಾದ್ರೂ ಹಾಸಿಗೆಗೋಸ್ಕರ ಜೀವ ಪಣ ಇಡ್ತಾರಾ ಅಂದ. ನೈಟ್ ಡ್ಯೂಟಿ ಮಾಡಿದೋರು ಇಡ್ತಾರೆ ಅಂದು ಚಪ್ಪಲಿ ಮೆಟ್ಕೊಂಡು ಹೊರಟೆ. ತಿರುಗಿ ಮುಖ ಕೂಡ ನೋಡ್ಲಿಲ್ಲ ಅಕ್ಕ."

ಅಳಲಿ ಎಂದು ಸ್ವಲ್ಪ ಹೊತ್ತು ಬಿಟ್ಟೆ. ಒಳಗೊಳಗೇ ಮಾತ್ರ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸೋಮವಾರ ಎಂಟಕ್ಕೆ ಆ ಕೋಣೆಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಹೇಳಿದ ಬಾವಿ ಬಂದಿದ್ದು ಆಮೇಲೆ. ಬಂದಿದ್ದು ಲ್ಯಾಪ್‌ಟಾಪಿಗೆ. ಅದನ್ನು ಕಂಡವರು ಲ್ಯಾಪ್‌ಟಾಪಿನ ಮುಂದೆಯೇ ನಿಂತಿರಬೇಕು, ಸೋಮವಾರ ಎಂಟರ ನಂತರ.

"ಎದ್ದೇಳಮ್ಮ. ಆ ಡಬ್ಬಿ ಜೊತೆಗೆ ತಗೋ," ಎಂದೆ. "ಹಲ್ಲಿನ ಡಾಕ್ಟರ ಹತ್ರ ಹೋಗೋಣ."

*

ಮಧ್ಯಾಹ್ನ ಎರಡು. ಡಾಕ್ಟರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ನಾನು ಒಳಗೆ ಹೋದವಳೇ ಬಾಗಿಲು ಹಾಕಿದೆ.

"ಹತ್ತಿ ಉಗಿದ್ಬಿಟ್ರಾ ಮೇಡಂ?"

"ಉಗಿದೆ. ನಿಮ್ಮನ್ನೊಂದು ಕೇಳ್ಬೇಕಿತ್ತು ಡಾಕ್ಟ್ರೇ. ಕೊನೇ ರೂಮಿನ ಬಾವಿ ದುಂಡಗಿದೆಯೋ, ಚೌಕವೋ?"

"ಎಂಟು ಮೂಲೆದು," ಎಂದರು. ಆಮೇಲೆ ನಲ್ಲಿ ನಿಲ್ಲಿಸಿದರು. ನನ್ನ ಹಿಂದೆ ನಿಂತಿದ್ದ ತಂಗಿಯನ್ನು ಆಗ ನೋಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ನಿಮ್ಮ ಕಾಯಿ ನಿಂತಿದ್ದು ಮೊದಲನೇ ಬಾಗಿಲಲ್ಲಿ. ಏಳು ಗೋಡೆ ಆಚೆ ಇರೋದು ನಿಮಗೆ ಹೇಗೆ ಕಾಣ್ತು?"

"ಅವನೇ ಯಾವಾಗ್ಲೋ ಹೇಳಿದ್ದ ಅನ್ಸುತ್ತೆ."

"ಸೋಮವಾರ ಎಂಟು ಗಂಟೆಗೆ ಅಣ್ಣನಿಗೇ ಗೊತ್ತಿರ್ಲಿಲ್ಲ," ಎಂದಳು ತಂಗಿ. ದನಿ ಏರಿಸಲಿಲ್ಲ. "ಒಂಬತ್ತಕ್ಕೆ ನಿಮ್ಮ ಪುಸ್ತಕದಲ್ಲಿ ಜಾಗ ಖಾಲಿ ಇದೆಯಂತೆ. ಅಣ್ಣ ಇಲ್ಲಿಗೆ ಬಂದಿದ್ನಾ?"

ಡಾಕ್ಟರು ತಮ್ಮ ಪೇಷೆಂಟಿನ ಕುರ್ಚಿಯಲ್ಲೇ ಕೂತುಬಿಟ್ಟರು. ಅದು ಅವರ ಭಾರಕ್ಕೆ ಮೆಲ್ಲಗೆ ಹಿಂದೆ ವಾಲಿತು. ನಗು ಬರಬೇಕಾದ ನೋಟ, ಯಾರಿಗೂ ಬರಲಿಲ್ಲ.

"ಬಂದಿದ್ದ. ಗೆಳೆಯ ಅಂತ ಪುಸ್ತಕದಲ್ಲಿ ಬರೀಲಿಲ್ಲ. ಹಲ್ಲು ಕೀಳೋದಿತ್ತು. ತಂಗಿಗೆ ಹೇಳಿದ್ರೆ ಬಯ್ತಾಳೆ ಅಂದ. ಸೂಜಿ ಕೊಟ್ಟು, ಮರಗಟ್ಟೋವರೆಗೆ ಹೊರಗೆ ಕೂರಿಸಿದೆ. ಲ್ಯಾಪ್‌ಟಾಪ್ ತೆಗೆದು ಏನೋ ಎಳೀತಿದ್ದ. ಕರೆದಾಗ ತೆರೆದಿಟ್ಟೇ ಒಳಗೆ ಬಂದ. ನಾನು ಇಕ್ಕಳ ತರ್ತೀನಿ ಅಂತ ಹೊರಗೆ ಹೋಗಿ..." ಮುಖ ಒರೆಸಿಕೊಂಡರು. "ನೋಡ್ಬಿಟ್ಟೆ. ಇಡೀ ನಕ್ಷೆ. ಎಂಟೂ ರೂಮು."

"ಅದಕ್ಕೇ ಅವನು ಬಂದಿದ್ದನ್ನ ಮುಚ್ಚಿಟ್ರಾ? ಎರಡು ದಿನ?" ಎಂದೆ.

"ಕದ್ದು ನೋಡಿದವರು ಆಟ ಬಿಡಬೇಕು. ಒಂಬತ್ತು ವರ್ಷದ ಹಿಂದೆ ಆ ರೂಲ್ ಮಾಡಿದ್ದೇ ನಾನು ಮೇಡಂ. ಇಲ್ಲಿಗೆ ಬಂದಿದ್ದ ಅಂದ್ರೆ ಒಂದಾದ ಮೇಲೊಂದು ಎಲ್ಲಾ ಹೊರಗೆ ಬರುತ್ತೆ ಅಂತ ಹೆದರಿದೆ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂದ್ಕೊಂಡೆ."

ನನಗೆ ಮೈ ಉರಿಯಿತು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದು, ಮಾನ ಹೋಗುತ್ತದೆಂದು ಓಡುವ ಬಸ್ಸಿನಿಂದ ಧುಮುಕಿದವರನ್ನು ಕಂಡಿದ್ದೇನೆ. ಇವರು ಬೇರೆಯವರನ್ನು ಕೆಳಗೆ ಬಿಟ್ಟು ತಾವು ಸೀಟಿನಲ್ಲಿ ಕೂತಿದ್ದರು.

"ಹಲ್ಲು ಕಿತ್ತ ಮೇಲೆ ಅವನಿಗೆ ಸರಿಯಾಗಿ ಊಟ ಮಾಡೋಕಾಗಲ್ಲ," ಎಂದಳು ತಂಗಿ. "ಸಕ್ಕರೆ ಏರುಪೇರಾಗುತ್ತೆ. ನೀವು ಡಾಕ್ಟ್ರು. ನಿಮಗೆ ಗೊತ್ತಿತ್ತು."

"ಹೋಗುವಾಗ ಏನಂದ?" ಎಂದೆ.

"ಬಾಯಿ ಮರಗಟ್ಟಿ ಮಾತು ಹೊರಡ್ತಿರ್ಲಿಲ್ಲ. ಫೋನ್ ಬಂತು, ಬರೀ ಹೂಂಗುಟ್ಟಿದ. ಆಮೇಲೆ ಕಷ್ಟಪಟ್ಟು ಹೇಳ್ದ, ಕಟ್ಟಡದೊಳಗಿರೋ ನಿಜವಾದ ಹಳೇ ಬಾವಿ ಒಂದನ್ನ ತೋರಿಸ್ತಾರಂತೆ, ಕೆಳಗೆ ಕಾಯ್ತಿದ್ದಾರೆ ಅಂತ. ಯಾರು ಅಂತ ನಾನು ಕೇಳ್ಲಿಲ್ಲ. ಅವನ ಮುಖ ನೋಡೋಕೇ ಆಗ್ತಿರ್ಲಿಲ್ಲ ನಂಗೆ."

ಮೂಲೆಯಲ್ಲಿದ್ದ ಕಂಪ್ಯೂಟರಿನತ್ತ ಕೈ ತೋರಿಸಿದರು. "ಅದರಲ್ಲಿ ಮೂರನೇ ಟೇಬಲ್ ತೆರೆದೇ ಇಟ್ಟಿದ್ದೀನಿ. ಒಬ್ಬೊಬ್ಬ ಪೇಷೆಂಟ್ ಹೋದಾಗ್ಲೂ ಒತ್ತಿ ನೋಡ್ತೀನಿ."

ತಂಗಿ ಹೋಗಿ ತಾನೇ ಒತ್ತಿದಳು. ಬಿಳಿ ಪರದೆ. ಮತ್ತೆ ಒತ್ತಿದಳು. ಬಿಳಿ. ಇನ್ನೊಮ್ಮೆ.

ಪರದೆ ಕಪ್ಪಗಾಯಿತು. ಕಪ್ಪಿನ ನಡುವೆ ಒಂದು ಸಣ್ಣ ಬೆಳಕಿನ ವೃತ್ತ ಮೂಡಿತು.

ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. "ತೆರೀತು. ಅವನ ಲ್ಯಾಪ್‌ಟಾಪ್ ಆನ್ ಆಗಿದೆ."

"ಇದು ಯಾರ ಕಾಯಿ?"

"ನಂದು. ಆದ್ರೆ ನಾನು ಬಾಗಿಲ ಹತ್ರ ಬಿಟ್ಟಿದ್ದೆ." ಬೆಳಕಿನಲ್ಲಿ ಬಾಗಿಲಿರಲಿಲ್ಲ, ಕಲ್ಲಿನ ನಾಯಿಯೂ ಇರಲಿಲ್ಲ. ಕಾಯಿಯ ಪಕ್ಕದಲ್ಲಿ ಎಂಟು ಮೂಲೆಯ ಬಾವಿಯಿತ್ತು. "ಗೋಡೆ ದಾಟಿಸಿ ಕಾಯಿ ಎತ್ತಿಡೋಕೆ ಸೂತ್ರಧಾರನಿಗೆ ಮಾತ್ರ ಆಗೋದು." ಅವರ ದನಿ ಇಳಿಯಿತು. "ನಾನು ನೋಡಿದ್ದು ಅವನಿಗೆ ಗೊತ್ತಿತ್ತು. ಅಂದೇ ಗೊತ್ತಿತ್ತು."

ಪರದೆಯ ಮೇಲೆ ಸಣ್ಣ ಬಾಣವೊಂದು ಬಂತು. ಪಕ್ಕದಲ್ಲಿ ಹೆಸರು: ಸೂತ್ರಧಾರ. ಬಾಣ ನಡುಗುತ್ತ, ತಡವರಿಸುತ್ತ ಬಾವಿಯ ಆಚೆ ಬದಿಗೆ ಹೋಯಿತು. ಅಲ್ಲಿ ಒಂದು ಹಾಸಿಗೆ ಮೂಡಿತು.

ತಂಗಿ ಅಂಗೈಯನ್ನು ಪರದೆಗೆ ಒತ್ತಿ ಹಿಡಿದಳು. "ನನ್ನ ಹಾಸಿಗೆ," ಎಂದಳು. "ಅಕ್ಕ, ಅಣ್ಣ ಬದುಕಿದ್ದಾನೆ. ಇದು ನನಗೇ ಹೇಳ್ತಿರೋದು."

ಆದರೆ ಬಾಣ ಒಮ್ಮೆ ಸರಕ್ಕನೆ ಸರಿಯಿತು. ನಡುಕವಿರಲಿಲ್ಲ. ಹಾಸಿಗೆ ಅಳಿಸಿಹೋಯಿತು. ಪರದೆಯ ಬದಿಯಲ್ಲಿ, ಮಾತು ಬರೆಯುವ ಜಾಗದಲ್ಲಿ, ಸೂತ್ರಧಾರನ ಹೆಸರಿನಲ್ಲೇ ಒಂದು ಸಾಲು ಬಂತು: ಹಳೇ ಟೇಬಲ್ಲೇ ಇರ್ಲಿ.

"ಅಣ್ಣ ಇದನ್ನ ಬರೆಯಲ್ಲ," ಎಂದಳು ತಂಗಿ. "ಅದಕ್ಕೇ ತಾನೇ ಎದ್ದು ಹೋಗ್ತೀನಿ ಅಂದಿದ್ದು."

ನಾನು ಡಾಕ್ಟರನ್ನು ನೋಡಿದೆ. ಅವರ ಎರಡೂ ಕೈ ಮಂಡಿಯ ಮೇಲಿದ್ದವು. ಆ ಮಾತನ್ನು ಅದೇ ಪದಗಳಲ್ಲಿ ನಾನು ಬೆಳಿಗ್ಗೆ ಕೇಳಿದ್ದು ಇನ್ನೊಬ್ಬರ ಬಾಯಲ್ಲಿ. ಲೈಬ್ರರಿಗೆ ಫೋನು ಹಚ್ಚಿದೆ. ಲೈಬ್ರರಿಯವರು ಎರಡನೇ ರಿಂಗಿಗೇ ಎತ್ತಿದರು.

"ಲಿಫ್ಟಿನವರು ಎಲ್ಲಿ?"

"ಇಲ್ಲೇ ಅಕ್ಕ, ನನ್ನ ಎದುರಿಗೇ ನಿಂತಿದ್ದಾರೆ. ಎರಡು ಕೈಯಲ್ಲೂ ಗ್ರೀಸು."

ಪರದೆಯ ಮೇಲೆ ಬಾಣ ಇನ್ನೂ ಓಡಾಡುತ್ತಿತ್ತು. ಬಾವಿಯ ಸುತ್ತ, ಒಂದು ಸುತ್ತು, ಎರಡು ಸುತ್ತು.

"ಫೋನ್ ಅವರಿಗೆ ಕೊಡಿ," ಎಂದೆ.

ಬಾಣ ನಿಂತಿತು.

"ಈಗ ಆಗಲ್ಲ ಅಕ್ಕ," ಎಂದರು ಲೈಬ್ರರಿಯವರು ಎಂದಿನ ಮೆಲುದನಿಯಲ್ಲಿ. ಫೋನು ಕಟ್ಟಾಯಿತು. ಪರದೆಯೂ ಬೆಳ್ಳಗಾಯಿತು.

ಗೋಡೆಯ ಗಡಿಯಾರದಲ್ಲಿ ಎರಡೂವರೆ. ಹಳೆಯ ಕಟ್ಟಡದೊಳಗಿನ ಬಾವಿ, ಸೋಮವಾರದಿಂದ ಬಿಚ್ಚಿಹಾಕಿದ ಲಿಫ್ಟು, ಎರಡೂ ಲೈಬ್ರರಿಯ ಕಡೆಗೇ ಕೈ ತೋರಿಸುತ್ತಿದ್ದವು. ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ ತಂಗಿ ಇನ್ಸುಲಿನ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದಳು.